ಬಾಲಿಯ ಅಲೆಗಳಿಗಾಗಿ ಆರು ತಿಂಗಳ ಸಿದ್ಧತೆ

ಜನವರಿಯ ಕೊನೆಯ ವಾರ, ಕೊಡಗಿನ ಸುಂಟಿಕೊಪ್ಪದ ಬಳಿಯ ನಮ್ಮ ತೋಟದಲ್ಲಿ ರೊಬಸ್ಟಾ ಕೊಯ್ಲು ಮುಗಿಯುತ್ತ ಬಂದಿತ್ತು. ಸಂಜೆ ಕಣದಲ್ಲಿ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಹೊದಿಸುತ್ತಿದ್ದಾಗ, ಮಂಗಳೂರಿನಲ್ಲಿ ಪದವಿ ಓದುತ್ತಿರುವ ಮಗಳು ಟಾರ್ಪಾಲಿನ ಒಂದು ತುದಿ ಹಿಡಿದುಕೊಂಡೇ ಕೇಳಿದಳು: "ಅಪ್ಪಾ, ಈ ವರ್ಷ ರಜೆಯಲ್ಲಿ ಬಾಲಿಗೆ ಹೋಗೋಣವಾ? ನೀವೂ ಬರಬೇಕು."

ಎರಡು ವರ್ಷಗಳಿಂದ ಅವಳು ಭಾನುವಾರಗಳಲ್ಲಿ ಮೂಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಕಲಿಯುತ್ತಿದ್ದಾಳೆ. ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಆ ಅಳಿವೆಯ ಬಳಿ ಅವಳು ಹಲಗೆಯ ಮೇಲೆ ಎದ್ದು ನಿಲ್ಲುವುದನ್ನು ಒಮ್ಮೆ ದಡದಲ್ಲಿ ಕುಳಿತು ಇಡೀ ಬೆಳಗ್ಗೆ ನೋಡಿದ್ದೆ. ಬೆಟ್ಟದ ನಡುವೆ ಹುಟ್ಟಿ ಬೆಳೆದ ನನಗೆ ಕಡಲೆಂದರೆ ಇಂದಿಗೂ ಅಂಜಿಕೆ. ಆದರೂ ಆಗಲಿ ಎಂದೆ. ಆ ಮಾತು ಆಡಿದ ದಿನದಿಂದ ವಿಮಾನ ಹತ್ತುವವರೆಗೆ ಸುಮಾರು ಆರು ತಿಂಗಳು ಹಿಡಿಯಿತು. ಅದರಲ್ಲಿ ನಾಲ್ಕು ತಿಂಗಳನ್ನು ನುಂಗಿದ್ದು ಕಡಲಲ್ಲ, ಕಾಗದಪತ್ರ. ನಮ್ಮ ಜಿಲ್ಲೆಯಿಂದ ಹೀಗೆ ಹೊರಡಲು ಯೋಚಿಸುತ್ತಿರುವ ಮನೆಗಳಿಗೆ ಈ ಅಲೆದಾಟ ಸ್ವಲ್ಪವಾದರೂ ತಪ್ಪಲಿ ಎಂಬ ಉದ್ದೇಶದಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಕಾಲದ ಲೆಕ್ಕ ಹಾಕಿದೆವು, ಏಕೆಂದರೆ ಉಳಿದ ನಿರ್ಧಾರಗಳೆಲ್ಲ ಅದರ ಮೇಲೆ ನಿಂತಿವೆ. ಇಂಡೋನೇಷ್ಯಾದ ದ್ವೀಪವಾದ ಬಾಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣ ಹವೆ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳು ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ಬಂದು ದ್ವೀಪದ ದಕ್ಷಿಣ ತುದಿಯಲ್ಲಿರುವ ಬುಕಿಟ್ ಪರ್ಯಾಯ ದ್ವೀಪವನ್ನು ಅತ್ಯಂತ ಬಲವಾಗಿ ತಟ್ಟುವುದು ಆ ತಿಂಗಳುಗಳಲ್ಲಿ. ಆಗ ಆಗ್ನೇಯದಿಂದ ಬೀಸುವ ಗಾಳಿ ಬುಕಿಟ್‌ನ ಪಶ್ಚಿಮ ದಂಡೆಯಲ್ಲಿ ನೆಲದ ಕಡೆಯಿಂದ ಕಡಲಿನ ಕಡೆಗೆ ಹೋಗುವುದರಿಂದ ಅಲೆಯ ಮುಖ ಕದಡದೆ ನುಣುಪಾಗಿ ಎದ್ದು ನಿಲ್ಲುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಗಾಳಿ ದಿಕ್ಕು ಬದಲಿಸುತ್ತದೆ. ಆಗ ಸರ್ಫರ್‌ಗಳು ಪೂರ್ವ ದಂಡೆಯ ಕೆರಮಾಸ್, ಸಾನೂರ್, ನೂಸಾ ದುವಾಗಳಿಗೆ ಹೋಗುತ್ತಾರೆ.

ಕಾಫಿ ಬೆಳೆಯುವವರಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೊಯ್ಲು, ಅದರ ಬೆನ್ನಿಗೇ ಹೂಮಳೆಯ ಚಿಂತೆ ಮತ್ತು ಸ್ಪ್ರಿಂಕ್ಲರ್ ಕೆಲಸ, ಮೇ ತಿಂಗಳಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮತ್ತು ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆ. ಜುಲೈನಲ್ಲಿ ಮಾತ್ರ ತೋಟದಲ್ಲಿ ಮಾಡುವಂಥದ್ದು ಕಡಿಮೆ. ಮಗಳ ಪರೀಕ್ಷೆಯೂ ಅಷ್ಟರಲ್ಲಿ ಮುಗಿಯುತ್ತಿತ್ತು. ಆದರೆ 2018ರ ಆಗಸ್ಟ್‌ನ ಭೂಕುಸಿತ ನೋಡಿದ ಯಾರೂ ಮಳೆಗಾಲದಲ್ಲಿ ಮನೆ ಬಿಟ್ಟು ಹೋಗುವ ಮಾತನ್ನು ಹಗುರವಾಗಿ ಆಡುವುದಿಲ್ಲ. ಹೆಂಡತಿ ಮತ್ತು ಅವ್ವ ಮನೆಯಲ್ಲೇ ಉಳಿಯುವುದು, ಮಳೆ ಜೋರಾದರೆ ಇಬ್ಬರೂ ಕುಶಾಲನಗರದ ತಂಗಿಯ ಮನೆಗೆ ಹೋಗುವುದು ಎಂದು ತೀರ್ಮಾನವಾಯಿತು. ಅವ್ವ ಒಂದೇ ಷರತ್ತು ಹಾಕಿದರು: ಕಕ್ಕಡ ಹದಿನೆಂಟಕ್ಕೆ, ಅಂದರೆ ನಮ್ಮ ಕಕ್ಕಡ ತಿಂಗಳ ಹದಿನೆಂಟನೆಯ ದಿನವಾದ ಆಗಸ್ಟ್ 3ರ ಹಬ್ಬಕ್ಕೆ, ಇಬ್ಬರೂ ಮನೆಯಲ್ಲಿರಬೇಕು. ಹೀಗೆ ಜುಲೈ ಮಧ್ಯದ ಒಂಬತ್ತು ದಿನಗಳು ಗೊತ್ತಾದವು. ಮಾರ್ಚ್ ಸುಮಾರಿಗೆ ಹೋಗುವವರು ಒಂದು ವಿಷಯ ನೆನಪಿಡಬೇಕು: ಬಾಲಿಯ ಹೊಸ ವರ್ಷವಾದ ನ್ಯೆಪಿಯ ದಿನ ಇಡೀ ದ್ವೀಪ ಮೌನವಾಗಿರುತ್ತದೆ ಮತ್ತು ವಿಮಾನ ನಿಲ್ದಾಣವೂ 24 ಗಂಟೆ ಮುಚ್ಚಿರುತ್ತದೆ. ಆ ದಿನಾಂಕ ನೋಡದೆ ಟಿಕೆಟ್ ಕೊಳ್ಳಬಾರದು.

ಇನ್ನು ಪಾಸ್‌ಪೋರ್ಟ್. ನನ್ನದರ ಅವಧಿ ಮುಗಿದು ವರ್ಷಗಳಾಗಿದ್ದವು, ಮಗಳಿಗೆ ಇರಲೇ ಇಲ್ಲ. ಅರ್ಜಿ ತುಂಬಲು ಕುಳಿತ ಮೊದಲ ರಾತ್ರಿಯೇ ತೊಡಕು ಎದುರಾಯಿತು. ನಮ್ಮಲ್ಲಿ ಮನೆತನದ ಹೆಸರು ಮೊದಲು, ಆಮೇಲೆ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು. ಶಾಲೆಗೆ ಸೇರಿಸುವಾಗ ಮೊದಲಿನ ಎರಡೂ ಇನಿಷಿಯಲ್ ಆಗಿ ಕುಗ್ಗುತ್ತವೆ. ಮಗಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್‌ಗಳು ಹೆಸರಿನ ಹಿಂದೆ ಇದ್ದವು, ಆಧಾರ್‌ನಲ್ಲಿ ಮನೆತನದ ಒಂದೇ ಅಕ್ಷರ ಹೆಸರಿನ ಮುಂದೆ ಇತ್ತು, ಪಾನ್ ಕಾರ್ಡಿನಲ್ಲಿ ನನ್ನ ಹೆಸರು ಅವಳ ಸರ್‌ನೇಮ್ ಆಗಿ ಕುಳಿತಿತ್ತು. ಒಂದೇ ಹುಡುಗಿಗೆ ಮೂರು ಹೆಸರು! ಪಾಸ್‌ಪೋರ್ಟ್ ಅರ್ಜಿಯಲ್ಲಾದರೋ ಇನಿಷಿಯಲ್‌ಗಳಿಗೆ ಜಾಗವಿಲ್ಲ. ಪ್ರತಿಯೊಂದು ಅಕ್ಷರವನ್ನೂ ಬಿಡಿಸಿ ಪೂರ್ಣವಾಗಿ ಬರೆಯಬೇಕು. ಇಂಗ್ಲಿಷಿನಲ್ಲಿ ಮನೆತನದ ಹೆಸರಿನ ಸ್ಪೆಲ್ಲಿಂಗ್ ಕೂಡ ನನ್ನ ಹಳೆಯ ಪಾಸ್‌ಪೋರ್ಟಿನಲ್ಲಿ ಒಂದು ರೀತಿ, ತೋಟದ ದಾಖಲೆಯಲ್ಲಿ ಇನ್ನೊಂದು ರೀತಿ ಇತ್ತು.

ಮೊದಲು ಆಧಾರ್ ಸರಿಪಡಿಸಬೇಕಾಯಿತು. ಇಲ್ಲಿ ಎಚ್ಚರ ಬೇಕು: ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಬಾರಿ ಬದಲಿಸಬಹುದು, ಆದ್ದರಿಂದ ಯಾವ ಸ್ಪೆಲ್ಲಿಂಗ್ ಎಂಬುದನ್ನು ಮನೆಯವರೆಲ್ಲ ಕುಳಿತು ಒಮ್ಮೆಲೇ ನಿಶ್ಚಯಿಸಿಕೊಳ್ಳಬೇಕು. ಪೂರ್ಣ ಹೆಸರಿರುವ ಒಂದೇ ಒಂದು ದಾಖಲೆಯೂ ನಮ್ಮಲ್ಲಿರಲಿಲ್ಲವಾದ್ದರಿಂದ, ನಿಗದಿತ ನಮೂನೆಯಲ್ಲಿ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಣ ಪಡೆದು ಕೊಟ್ಟೆವು. ಮೊದಲ ಸಲ ಅರ್ಜಿ ತಿರಸ್ಕೃತವಾಯಿತು, ಏಕೆಂದರೆ ಮೊಹರಿನ ಒಂದು ಅಂಚು ಭಾವಚಿತ್ರದ ಮೇಲೆ ಬಿದ್ದಿರಲಿಲ್ಲ. ಎರಡನೆಯ ಸಲ ಒಪ್ಪಿಗೆಯಾಗಿ ಹೊಸ ಕಾರ್ಡು ಕೈಗೆ ಬರುವಷ್ಟರಲ್ಲಿ ಮಾರ್ಚ್ ಅರ್ಧ ಕಳೆದಿತ್ತು.

ಆಮೇಲೆ ಮೈಸೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸಮಯ ಕಾಯ್ದಿರಿಸಿದೆವು. ದೇಶದಲ್ಲಿ ಅಂಚೆ ಕಚೇರಿಯೊಳಗೆ ಇಂಥ ಕೇಂದ್ರ ಮೊದಲು ಶುರುವಾದ ಎರಡು ಊರುಗಳಲ್ಲಿ ಮೈಸೂರು ಒಂದು, 2017ರ ಜನವರಿಯಲ್ಲಿ. 36 ಪುಟಗಳ ಪುಸ್ತಕಕ್ಕೆ ತಲಾ ₹1,500 ಶುಲ್ಕ. ತತ್ಕಾಲ್ ಆದರೆ ಇನ್ನೂ ₹2,000 ಹೆಚ್ಚು. ಕೇಂದ್ರದೊಳಗಿನ ಕೆಲಸ ಒಂದು ಗಂಟೆಯಲ್ಲಿ ಮುಗಿಯಿತು. ತಡವಾದದ್ದು ಪೊಲೀಸ್ ಪರಿಶೀಲನೆ. ಮನೆಯ ವಿಳಾಸ ಕೊಟ್ಟಿದ್ದರಿಂದ ಠಾಣೆಯಿಂದ ಕರೆ ಬಂದ ದಿನ ಮಗಳು ಮಂಗಳೂರಿನ ಹಾಸ್ಟೆಲ್‌ನಲ್ಲಿದ್ದಳು. ವಿಳಾಸದಲ್ಲಿ ಅರ್ಜಿದಾರರು ಇಲ್ಲ ಎಂದು ವರದಿ ಹೋಯಿತು, ಅದನ್ನು ಸರಿಪಡಿಸಲು ಮತ್ತೆ ಅರ್ಜಿ, ಮತ್ತೆ ಪರಿಶೀಲನೆ, ಐದು ವಾರ. ಹೊರಗಡೆ ಓದುವ ಮಕ್ಕಳಿಗಾಗಿ ಅರ್ಜಿ ಹಾಕುವವರು ದೀರ್ಘ ರಜೆಯ ಮೊದಲ ದಿನಗಳಲ್ಲೇ ಹಾಕಿ, ಪರಿಶೀಲನೆ ಮುಗಿಯುವವರೆಗೆ ಅವರನ್ನು ಮನೆಯಲ್ಲೇ ಇರಿಸಿಕೊಳ್ಳುವುದು ಒಳ್ಳೆಯದು. ಮೇ ತಿಂಗಳ ಒಂದು ಮಧ್ಯಾಹ್ನ ಸ್ಪೀಡ್ ಪೋಸ್ಟ್ ಲಕೋಟೆ ಬಂದಾಗ ಮಗಳು ಫೋನಿನಲ್ಲಿ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ನನ್ನಿಂದ ಓದಿಸಿಕೊಂಡಳು.

ಪಾಸ್‌ಪೋರ್ಟ್ ಬಂದಮೇಲೆ ಅದನ್ನು ಕಾಪಾಡುವುದೂ ನಮ್ಮ ಕಡೆ ಒಂದು ಕೆಲಸ. ಹರಿದ, ನೀರು ಹಿಡಿದ, ಕಲೆಯಾದ ಪಾಸ್‌ಪೋರ್ಟನ್ನು ಬಾಲಿಯ ವಲಸೆ ಅಧಿಕಾರಿಗಳು ಒಪ್ಪುವುದಿಲ್ಲ. ಅಂಥವರನ್ನು ವಿಮಾನ ಹತ್ತಿಸಲು ಇಲ್ಲಿಯೇ ನಿರಾಕರಿಸುವುದೂ ಉಂಟು. ಜೂನ್ ಶುರುವಾದರೆ ನಮ್ಮ ಬೀರುಗಳಲ್ಲಿ ಚರ್ಮದ ಬೆಲ್ಟಿಗೂ ಬೂಷ್ಟು ಬರುತ್ತದೆ. ಅವ್ವ ಒಂದು ಸ್ಟೀಲ್ ಡಬ್ಬಿಯ ತಳದಲ್ಲಿ ಹುರಿದು ಆರಿಸಿದ ಅಕ್ಕಿ ಹರಡಿ, ಮೇಲೆ ಕಾಗದ ಹಾಸಿ, ಎರಡೂ ಪುಸ್ತಕಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರಲ್ಲಿಟ್ಟರು. ಹದಿನೈದು ದಿನಕ್ಕೊಮ್ಮೆ ಅಕ್ಕಿ ಬದಲಾಗುತ್ತಿತ್ತು. ಹೊರಡುವ ದಿನ ಪುಟಗಳು ಗರಿಗರಿಯಾಗಿಯೇ ಇದ್ದವು.

ವಿಮಾನದ ಟಿಕೆಟ್ ಸುಲಭವಾಯಿತು. 2024ರ ಮಾರ್ಚ್ ಕೊನೆಯಿಂದ ಬೆಂಗಳೂರಿನಿಂದ ಬಾಲಿಯ ರಾಜಧಾನಿ ದೆನ್‌ಪಸಾರ್‌ಗೆ ನೇರ ವಿಮಾನವಿದೆ, ಪ್ರಯಾಣ ಸುಮಾರು ಏಳು ಗಂಟೆ. ಇಬ್ಬರಿಗೂ ಹೋಗಿ ಬರಲು ₹63,400 ಆಯಿತು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಹೆಸರು ತುಂಬಬೇಕು. ಮನೆತನದ ಹೆಸರನ್ನು ಮೊದಲು ಬರೆಯುವ ರೂಢಿಯಲ್ಲಿ ಕೈ ತಪ್ಪುವುದು ಸುಲಭ, ಆದ್ದರಿಂದ ಮಗಳು ತುಂಬುತ್ತ ಹೋದಳು, ನಾನು ಪಾಸ್‌ಪೋರ್ಟ್ ಹಿಡಿದು ಓದುತ್ತ ಹೋದೆ.

ಯಾವ ದಂಡೆಯಲ್ಲಿ ಉಳಿಯುವುದು ಎಂಬ ಪ್ರಶ್ನೆಗೆ ನಾವು ಅತಿ ಹೆಚ್ಚು ಸಮಯ ಕೊಟ್ಟೆವು. ಕೊಟ್ಟದ್ದು ಸಾರ್ಥಕವಾಯಿತು. ಹೆಸರು ಕೇಳಿದೊಡನೆ ಎಲ್ಲರಿಗೂ ನೆನಪಾಗುವುದು ಉಲುವಾಟು, ಪಡಾಂಗ್ ಪಡಾಂಗ್, ಬಿಂಗಿನ್. ಇವೆಲ್ಲ ಬುಕಿಟ್‌ನ ಸುಣ್ಣಕಲ್ಲಿನ ಕಡಿದಾದ ಬಂಡೆಗಳ ಬುಡದಲ್ಲಿವೆ, ಮತ್ತು ಇವುಗಳ ತಳ ಮರಳಲ್ಲ, ರೀಫ್, ಅಂದರೆ ಹವಳದ ದಿಬ್ಬ. ಅಲೆ ಪ್ರತಿ ಸಲವೂ ಒಂದೇ ಜಾಗದಲ್ಲಿ, ಒಂದೇ ಆಕಾರದಲ್ಲಿ ಒಡೆಯುವುದು ಆ ತಳದಿಂದಲೇ. ಬಿದ್ದವರಿಗೆ ಗಾಯವಾಗುವುದೂ ಆ ತಳದಿಂದಲೇ. ಉಬ್ಬರ ಇಳಿದಾಗ ಬಿಂಗಿನ್‌ನಲ್ಲಿ ರೀಫ್‌ನ ಮೇಲೆ ನೀರು ಬಹಳ ತೆಳುವಾಗುತ್ತದೆ. ಉಲುವಾಟುವಿನಲ್ಲಿ ಸುಲುಬಾನ್ ಎಂಬಲ್ಲಿ ಬಂಡೆಯ ಗುಹೆಯೊಳಗಿಂದ ಕಡಲಿಗೆ ಇಳಿಯಬೇಕು, ಮರಳಿ ಬರುವಾಗ ಸೆಳೆತವನ್ನು ಲೆಕ್ಕ ಹಾಕಿ ಅದೇ ಗುಹೆಯ ಬಾಯಿಯನ್ನು ಹಿಡಿಯಬೇಕು. ಮರಳು ತಳದ ಸಸಿಹಿತ್ಲುವಿನಲ್ಲಿ ಎರಡು ವರ್ಷ ಕಲಿತವರಿಗೆ ಇದು ಮೊದಲ ದಿನದ ಜಾಗವಲ್ಲ.

ಇದನ್ನು ಮಗಳಿಗೆ ಒಪ್ಪಿಸಲು ನನಗೆ ತಿಳಿದಿರುವುದು ಸಾಲದೆ, ಅವಳಿಗೆ ಕಲಿಸಿದ ತರಬೇತುದಾರರನ್ನೇ ಕಾಣಲು ಏಪ್ರಿಲ್‌ನಲ್ಲಿ ಮೂಲ್ಕಿಗೆ ಹೋದೆ. ಅವರು ಮರಳಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದ ಒಂದು ವಿಷಯ ನನಗೆ ಹೊಸದು. ಮುನ್ಸೂಚನೆಯಲ್ಲಿ ಅಲೆಯ ಎತ್ತರವನ್ನಷ್ಟೇ ನೋಡಬಾರದು, ಒಂದು ಅಲೆಗೂ ಮುಂದಿನ ಅಲೆಗೂ ನಡುವೆ ಎಷ್ಟು ಸೆಕೆಂಡು ಎಂಬುದನ್ನೂ ನೋಡಬೇಕು. ನಾಲ್ಕು ಅಡಿ ಎತ್ತರದ ಅಲೆ ಎಂಟು ಸೆಕೆಂಡಿಗೊಮ್ಮೆ ಬಂದರೆ ಅದು ಹತ್ತಿರದ ಗಾಳಿ ಎಬ್ಬಿಸಿದ್ದು. ಅದೇ ನಾಲ್ಕು ಅಡಿ ಹದಿನಾಲ್ಕು ಸೆಕೆಂಡಿಗೊಮ್ಮೆ ಬಂದರೆ ಅದು ದೂರದ ಬಿರುಗಾಳಿಯ ಅಲೆ, ಆಳದವರೆಗೂ ಬಲ ತುಂಬಿಕೊಂಡದ್ದು, ರೀಫ್ ತಾಕಿದೊಡನೆ ಬಹಳ ಎತ್ತರಕ್ಕೆ ಎದ್ದು ಒಡೆಯುವಂಥದ್ದು. ಜುಲೈನ ಬುಕಿಟ್‌ಗೆ ಬರುವುದು ಹೆಚ್ಚಾಗಿ ಎರಡನೆಯ ಬಗೆಯವು. ಅದನ್ನು ಕೇಳಿದ ಮೇಲೆ ಮಗಳು ತಾನಾಗಿಯೇ ಯೋಜನೆ ಬದಲಿಸಿದಳು: ಮೊದಲ ನಾಲ್ಕು ದಿನ ಮರಳು ತಳದ ಕುಟಾದಲ್ಲಿ, ಆಮೇಲೆ ಅಲ್ಲಿನ ತರಬೇತುದಾರರು ಒಪ್ಪಿದರೆ ಮಾತ್ರ ಬುಕಿಟ್‌ನ ಬಲಂಗಾನ್‌ನಲ್ಲಿ; ಉಲುವಾಟು ಬರೀ ದಡದಿಂದ ನೋಡಲಿಕ್ಕೆ. ಹೊಸಬರು ಕುಟಾವನ್ನು ಕೀಳಾಗಿ ಕಾಣಬಾರದು. ಚಂಗೂ ಕಡೆಯ ಬಟು ಬೊಲೊಂಗ್‌ನ ಅಲೆ ನಿಧಾನವಾದದ್ದು, ಉದ್ದ ಹಲಗೆಗೆ ಒಳ್ಳೆಯದು, ಆದರೆ ಅಲ್ಲಿ ನೀರಿನಲ್ಲಿ ಜನಸಂದಣಿ ಬಹಳ.

ವಿಮೆಯ ಕಾಗದವನ್ನು ಪೂರ್ತಿ ಓದಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನಾವು ಮೊದಲು ಕೊಂಡ ಪ್ರವಾಸ ವಿಮೆಯ ಕೊನೆಯ ಪುಟಗಳಲ್ಲಿ, ಸಾಹಸ ಕ್ರೀಡೆಯಿಂದಾದ ಗಾಯಕ್ಕೆ ಪರಿಹಾರವಿಲ್ಲ ಎಂಬ ಸಾಲಿತ್ತು, ಸರ್ಫಿಂಗ್ ಆ ಪಟ್ಟಿಯಲ್ಲಿತ್ತು. ರದ್ದುಮಾಡಿ, ಅದನ್ನು ಒಳಗೊಂಡ ಬೇರೆ ಪಾಲಿಸಿಗೆ ಇಬ್ಬರಿಗೂ ಸೇರಿ ₹3,400 ಕೊಟ್ಟೆವು. ಸ್ಕೂಟರ್ ಬಾಡಿಗೆಗೆ ಪಡೆಯುವ ಆಸೆಯನ್ನೂ ಇದೇ ಕಾರಣಕ್ಕೆ ಬಿಟ್ಟೆವು. ಅಲ್ಲಿ ಎಲ್ಲರೂ ಪಕ್ಕಕ್ಕೆ ಹಲಗೆ ಸಿಕ್ಕಿಸಿಕೊಂಡು ಸ್ಕೂಟರ್ ಓಡಿಸುತ್ತಾರೆ. ಆದರೆ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯಲ್ಲಿ, ನಮ್ಮ ಪರವಾನಗಿಯಲ್ಲಿರುವ ವರ್ಗಗಳು ಮಾತ್ರ ಬರುತ್ತವೆ, ನನ್ನದರಲ್ಲಿ ಇದ್ದದ್ದು ಕಾರು ಮತ್ತು ಜೀಪು. ಪರವಾನಗಿಯಿಲ್ಲದೆ ಓಡಿಸಿ ಬಿದ್ದರೆ ವಿಮೆಯೂ ಇಲ್ಲ.

ಬಾಲಿಯನ್ನು ಆರಿಸಲು ಇದ್ದ ಒಂದು ಕಾರಣ ವೀಸಾ. ಎಷ್ಟೋ ದೇಶಗಳು ಕೇಳುವ ಆದಾಯ ತೆರಿಗೆ ದಾಖಲೆ ನಮ್ಮಂಥ ಅನೇಕ ಕೃಷಿಕರ ಬಳಿ ಇರುವುದಿಲ್ಲ. ಇಂಡೋನೇಷ್ಯಾಕ್ಕೆ ಭಾರತೀಯರು ಅಲ್ಲಿ ಇಳಿದ ಮೇಲೆ ವೀಸಾ ಪಡೆಯಬಹುದು, ಅಥವಾ ಮೊದಲೇ ಆನ್‌ಲೈನ್‌ನಲ್ಲಿ ಪಡೆಯಬಹುದು. ಶುಲ್ಕ 5 ಲಕ್ಷ ರುಪಿಯಾ, ನಾವು ಹೋದಾಗ ಸುಮಾರು ₹2,600. 30 ದಿನದ ಅವಧಿ, ಒಮ್ಮೆ 30 ದಿನ ವಿಸ್ತರಿಸಬಹುದು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು, ಮರಳುವ ಟಿಕೆಟ್ ಇರಬೇಕು. ಸಾಲಿನಲ್ಲಿ ನಿಲ್ಲುವುದನ್ನು ತಪ್ಪಿಸಲು ನಾವು ಆನ್‌ಲೈನ್ ಆರಿಸಿಕೊಂಡೆವು, ಅಲ್ಲಿ ನಾನು ಎಡವಿದೆ. ಹುಡುಕಿದಾಗ ಮೊದಲು ಕಂಡ ತಾಣ ಗರುಡನ ಲಾಂಛನದೊಡನೆ ಸರ್ಕಾರಿ ತಾಣದಂತೆಯೇ ಇತ್ತು. ನನ್ನ ಅರ್ಜಿಗೆ ₹4,900 ಕಟ್ಟಿದ ಮೇಲೆ, ತುರ್ತು ಶುಲ್ಕ ಎಂದು ಇನ್ನಷ್ಟು ಕೇಳುವ ಮಿಂಚಂಚೆ ಬಂತು. ಆ ಹಣ ಮರಳಲಿಲ್ಲ. ಅಧಿಕೃತ ವಲಸೆ ಇಲಾಖೆಯ ತಾಣದ ವಿಳಾಸ 'ಗೋ ಡಾಟ್ ಐಡಿ' ಎಂದು ಮುಗಿಯುತ್ತದೆ. ಹಾಗೆ ಮುಗಿಯದಿದ್ದರೆ ಅಲ್ಲಿ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಸರಿಯಾದ ತಾಣದಲ್ಲಿ ಮತ್ತೆ ಅರ್ಜಿ ಹಾಕುವ ಹೊತ್ತಿಗೆ ಜುಲೈ ಬಂದಿತ್ತು, ಮಳೆ ಹಿಡಿದಿತ್ತು. ಮೂರು ದಿನದಿಂದ ಕರೆಂಟ್ ಇರಲಿಲ್ಲ, ಟವರ್‌ನ ಬ್ಯಾಟರಿಯೂ ಮುಗಿದು ಮನೆಯಲ್ಲಿ ಸಿಗ್ನಲ್ ಸತ್ತಿತ್ತು. ತೋಟದ ಮೇಲಿನ ತಿರುವಿನಲ್ಲಿ, ದೊಡ್ಡ ಬಳಂಜಿ ಮರದ ಕೆಳಗೆ ಮಾತ್ರ ಪಕ್ಕದ ಊರಿನ ಟವರ್ ಸ್ವಲ್ಪ ಸಿಗುತ್ತದೆ. ಜೀಪನ್ನು ಅಲ್ಲಿ ನಿಲ್ಲಿಸಿ, ಒಂದು ಫೋನಿನಲ್ಲಿ ಅರ್ಜಿ, ಇನ್ನೊಂದರಲ್ಲಿ ಒಟಿಪಿಗಾಗಿ ಕಾಯುವುದು. ಮೊದಲ ಒಟಿಪಿ ಬರುವಷ್ಟರಲ್ಲಿ ಅವಧಿ ಮೀರಿತ್ತು. ಎರಡನೆಯ ಸಲ ಮಗಳು ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಜೀಪಿನ ಬಾನೆಟ್ ಮೇಲೆ ಹತ್ತಿ ನಿಂತು ಕೈ ಮೇಲೆತ್ತಿ ಹಿಡಿದಳು. ಚೀಲದ ಮೇಲೆ ಹನಿಗಳು ಬೀಳುತ್ತಿದ್ದುದರಿಂದ ಅಂಕಿಗಳು ಕಲಸಿಕೊಂಡು ಕಾಣುತ್ತಿದ್ದವು, ಅವಳು ಅಂಗೈಯಿಂದ ಒರೆಸಿ ಒರೆಸಿ ಕೂಗಿ ಹೇಳಿದಳು. ಮೂರನೆಯ ಪ್ರಯತ್ನದಲ್ಲಿ ಹಣ ಹೋಯಿತು. ಮಳೆಗಾಲದಲ್ಲಿ ಹೊರಡುವವರು ಇಂಥದ್ದನ್ನೆಲ್ಲ ಜೂನ್ ಮೊದಲೇ ಮುಗಿಸಿಕೊಳ್ಳುವುದು ಲೇಸು. ವೀಸಾ ಮಂಜೂರಾದ 90 ದಿನಗಳೊಳಗೆ ದೇಶ ಪ್ರವೇಶಿಸಬೇಕು ಎಂಬುದನ್ನು ಮಾತ್ರ ಗಮನದಲ್ಲಿಡಿ. ಕಾರ್ಡಿನಲ್ಲಿ ವಿದೇಶಿ ವ್ಯವಹಾರಕ್ಕೆ ಅನುಮತಿಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ತೆರೆದಿಡಬೇಕು. ಇದಲ್ಲದೆ 2024ರ ಫೆಬ್ರವರಿ 14ರಿಂದ ಬಾಲಿ ಪ್ರಾಂತ್ಯವು ವಿದೇಶಿ ಪ್ರವಾಸಿಗರಿಂದ ತಲಾ 1.5 ಲಕ್ಷ ರುಪಿಯಾ ಸಂಗ್ರಹಿಸುತ್ತಿದೆ; ಅದನ್ನೂ ಆನ್‌ಲೈನ್‌ನಲ್ಲಿ ಕಟ್ಟಿ ಕ್ಯೂಆರ್ ಕೋಡ್ ಉಳಿಸಿಕೊಂಡೆವು. ನಾವು ಹೋದಾಗ ಕಸ್ಟಮ್ಸ್ ಘೋಷಣೆಯ ಕೋಡ್ ಬೇರೆ ಇತ್ತು. ಎಲ್ಲವನ್ನೂ ಮುದ್ರಿಸಿ ಇಟ್ಟುಕೊಂಡದ್ದು ನನಗೆ ಧೈರ್ಯ ಕೊಟ್ಟಿತು.

ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ನಡುರಾತ್ರಿಯ ವಿಮಾನಕ್ಕಾಗಿ ನಾವು ಹಿಂದಿನ ದಿನ ನಸುಕಿಗೇ ಹೊರಟು ಮೈಸೂರು ತಲುಪಿ, ಅಲ್ಲಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈ ಬಸ್ ಹಿಡಿದೆವು. ದಾರಿಯಲ್ಲಿ ಮರ ಬಿದ್ದು ಒಂದೂವರೆ ಗಂಟೆ ನಿಂತೆವು; ಒಂದು ಇಡೀ ದಿನ ಕೈಯಲ್ಲಿಟ್ಟುಕೊಂಡು ಹೊರಟಿದ್ದರಿಂದ ಆತಂಕವಾಗಲಿಲ್ಲ.

ದೆನ್‌ಪಸಾರ್‌ನಲ್ಲಿ ಗಡಿಯಾರವನ್ನು ಎರಡೂವರೆ ಗಂಟೆ ಮುಂದೆ ಇಟ್ಟುಕೊಂಡೆವು. ವಲಸೆ ತಪಾಸಣೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಕುಟಾದಲ್ಲಿ ಬೆಳಗಿನ ಹೊತ್ತು ಅಲೆ ಸೊಂಟದೆತ್ತರ, ಗಾಳಿ ಏಳುವ ಮೊದಲು ಆರರಿಂದ ಒಂಬತ್ತರವರೆಗೆ ಅವಳು ನೀರಿನಲ್ಲಿ, ನಾನು ತೆಂಗಿನ ನೆರಳಿನಲ್ಲಿ. ಹಲಗೆಯನ್ನು ಅಲ್ಲೇ ಬಾಡಿಗೆಗೆ ಪಡೆದೆವು. ಇಲ್ಲಿಂದ ಒಯ್ಯುವುದಾದರೆ ವಿಮಾನ ಸಂಸ್ಥೆ ಎಷ್ಟು ಉದ್ದದವರೆಗೆ ಒಪ್ಪುತ್ತದೆ, ಎಷ್ಟು ಹಣ ಕೇಳುತ್ತದೆ ಎಂದು ಮೊದಲೇ ಬರಹದಲ್ಲಿ ಪಡೆಯಬೇಕು. ಐದನೆಯ ದಿನ ಅಲ್ಲಿನ ತರಬೇತುದಾರರು ಒಪ್ಪಿ, ಉಬ್ಬರದ ಹೊತ್ತು ನೋಡಿ ಬಲಂಗಾನ್‌ಗೆ ಕರೆದುಕೊಂಡು ಹೋದರು. ಅಲ್ಲಿ ಅವಳು ಹಿಡಿದ ಮೂರನೆಯ ಅಲೆ ಎಡಕ್ಕೆ ಉದ್ದವಾಗಿ ಬಿಚ್ಚಿಕೊಳ್ಳುತ್ತ ಹೋಯಿತು. ಹಲಗೆಯ ಮೇಲೆ ಬಾಗಿ ನಿಂತು ಒಂದು ಕೈಯನ್ನು ಅಲೆಯ ಗೋಡೆಗೆ ತಾಗಿಸಿಕೊಂಡೇ ಅವಳು ಸಾಗಿದ್ದನ್ನು ನಾನು ಎದ್ದು ನಿಂತು ನೋಡಿದೆ. ಇಳಿಯುವಾಗ ಹಿಮ್ಮಡಿ ರೀಫ್‌ಗೆ ತಗುಲಿ ಎರಡು ಇಂಚು ಗೀರಿತು. ಹವಳದ ಗಾಯವನ್ನು ಸಣ್ಣದೆಂದು ಬಿಡಬಾರದು, ಕಣಗಳು ಒಳಗೆ ಉಳಿದರೆ ಕೀವಾಗುತ್ತದೆ. ಶುದ್ಧ ನೀರಿನಲ್ಲಿ ಉಜ್ಜಿ ತೊಳೆದು ಕ್ಲಿನಿಕ್‌ನಲ್ಲಿ ತೋರಿಸಿದೆವು. ರೀಫ್ ಬೂಟು ಕೊಂಡುಕೊಳ್ಳದೆ ಅಲ್ಲಿಗೆ ಇಳಿಯಬೇಡಿ.

ಉಲುವಾಟುವಿಗೆ ಏಳನೆಯ ದಿನ ಹೋದೆವು. ಕಡಿಬಂಡೆಯ ತುದಿಯಲ್ಲಿರುವ ದೇವಾಲಯಕ್ಕೆ ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಹೋಗಬೇಕು, ಕನ್ನಡಕ ಕಳಚಿ ಜೇಬಿಗಿಟ್ಟುಕೊಳ್ಳಬೇಕು, ಅಲ್ಲಿನ ಕೋತಿಗಳು ಕಿತ್ತುಕೊಳ್ಳುತ್ತವೆ. ದ್ವೀಪದಲ್ಲಿ 2008ರಿಂದ ರೇಬಿಸ್ ಇರುವುದರಿಂದ ಕೋತಿಯನ್ನಾಗಲಿ ಬೀದಿನಾಯಿಯನ್ನಾಗಲಿ ಮುಟ್ಟದಿರುವುದು ಕ್ಷೇಮ. ಸುಲುಬಾನ್‌ನ ಮೇಲಿನ ಅಂಗಡಿಯೊಂದರಲ್ಲಿ ಎರಡು ಗಂಟೆ ಕುಳಿತು ಕೆಳಗಿನ ಅಲೆಗಳನ್ನು ನೋಡಿದೆವು. ಸಾಲುಸಾಲಾಗಿ ಬರುತ್ತಿದ್ದ ಅವುಗಳ ನಡುವಿನ ಸೆಕೆಂಡುಗಳನ್ನು ಮಗಳು ಗಡಿಯಾರ ಹಿಡಿದು ಎಣಿಸುತ್ತಿದ್ದಳು: ಹದಿನೈದು, ಹದಿನಾಲ್ಕು, ಹದಿನೈದು. "ಇನ್ನು ಮೂರು ವರ್ಷ ಅಪ್ಪಾ," ಎಂದಳು.

ಪಾಸ್‌ಪೋರ್ಟಿನ ಖರ್ಚು, ಮೈಸೂರಿನ ಓಡಾಟ, ಮೋಸಹೋದ ಹಣ ಎಲ್ಲ ಸೇರಿ ಇಬ್ಬರಿಗೆ ₹1,67,200 ಆಯಿತು. ಜುಲೈ ಕೊನೆಯಲ್ಲಿ ಮರಳಿದಾಗ ತೋಟದಲ್ಲಿ ಎರಡು ಬಳಂಜಿ ಮರ ಬಿದ್ದಿದ್ದವು, ಮನೆ ಸುರಕ್ಷಿತವಾಗಿತ್ತು. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡಿದ ಅವ್ವ, ಪಾಸ್‌ಪೋರ್ಟುಗಳನ್ನು ಅಕ್ಕಿಯ ಡಬ್ಬಿಗೆ ಸೇರಿಸಿದರು. ಮಗಳ ಪಾನ್ ಕಾರ್ಡಿನ ಹೆಸರು ಇನ್ನೂ ಹಳೆಯ ರೂಪದಲ್ಲೇ ಇದೆ. ಅದರ ತಿದ್ದುಪಡಿಗೆ ಈ ವಾರ ಅರ್ಜಿ ಹಾಕಿದ್ದೇವೆ.